ಮಾಳಿಗೆ ನೀರಿಗೆ ಟಾಕಿ ಎಲ್ಲಿ ಕಟ್ಟಬೇಕು?

(ಪತ್ರದ ಸಾರ: ಮುಂಡರಗಿ ತಾಲ್ಲೂಕಿನ ಓದುಗರೊಬ್ಬರಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮನೆ ಮಂಜೂರಾಗಿದೆ. ಜಾಗ ಎರೆ ಭೂಮಿ. ಮನೆಯಲ್ಲಿ ಐದು ಜನ. ನಳದ ನೀರು ಮೂರು-ನಾಲ್ಕು ದಿನಕ್ಕೊಮ್ಮೆ. ಬೋರಿನ ನೀರು ಸವುಳು, ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ. ಮಳೆ ನೀರು ಹಿಡಿಯಲು ಪಡಸಾಲೆಯ ಕೆಳಗೆ 6×6×5 ಅಡಿ ಸಂಪು ತೆಗೆಯೋಣ ಎಂದು ಗೌಂಡಿ ಹೇಳುತ್ತಿದ್ದಾರೆ. ಅದಕ್ಕೆ ದುಡ್ಡು ಹಾಕಿದರೆ ಮನೆ ಅರ್ಧಕ್ಕೆ ನಿಂತೀತೇ ಎಂಬುದು ಅವರ ಚಿಂತೆ.)

ಪ್ರಿಯ ಓದುಗರೇ,

ಮಳೆ ನೀರು ಹಿಡಿಯಬೇಕೆಂಬ ನಿಮ್ಮ ಯೋಚನೆ ಸರಿ. ಅದನ್ನು ಪಡಸಾಲೆಯ ಕೆಳಗೆ ಹಿಡಿಯುವುದು ಸರಿಯಲ್ಲ. ಕೆಂಪು ಮಣ್ಣಿನ ಊರಾಗಿದ್ದರೆ ನಿಮ್ಮ ಗೌಂಡಿಯ ಮಾತಿಗೆ ನಮ್ಮ ಆಕ್ಷೇಪ ಇರುತ್ತಿರಲಿಲ್ಲ. ಎರೆ ಮಣ್ಣಿನ ಸ್ವಭಾವವೇ ಬೇರೆ. ಮಳೆ ಬಿದ್ದರೆ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನೆಲದೊಳಗಿನ ಚೌಕ ಸಂಪಿನ ಗೋಡೆಗಳನ್ನು ಮಳೆಗಾಲದಲ್ಲಿ ಒಳಕ್ಕೆ ಒತ್ತುತ್ತದೆ, ಬೇಸಿಗೆಯಲ್ಲಿ ಆಸರೆ ಕೊಡದೆ ಬಿಟ್ಟುಬಿಡುತ್ತದೆ. ಎರಡು-ಮೂರು ವರ್ಷ ಹೀಗೆ ನಡೆದರೆ ಮೊದಲು ಬಾಯಿ ಬಿಡುವುದು ಮೂಲೆಗಳು. ನೀರು ಸೋರಿದ್ದಷ್ಟೇ ನಷ್ಟವಾದರೆ ಸಹಿಸಬಹುದಿತ್ತು. ಸೋರಿದ ನೀರು ಪಾಯದ ಬುಡಕ್ಕೆ ಇಳಿದು ಆ ಒಂದು ಕಡೆಯ ಮಣ್ಣನ್ನು ಮಾತ್ರ ಉಬ್ಬಿಸುತ್ತದೆ. ಆಗ ಕಿಟಕಿಯ ಮೂಲೆಯಿಂದ ಓರೆಯಾಗಿ ಗೋಡೆ ಸೀಳುತ್ತದೆ. ನಿಮ್ಮ ಭಾಗದಲ್ಲಿ ಇಂಥ ಓರೆ ಬಿರುಕು ಕಂಡಾಗ ಸಿಮೆಂಟ್ ಕಳಪೆ ಎಂದು ಬೈಯುವುದು ರೂಢಿ. ಅದಕ್ಕೆ ಮುಂಚೆ ಬಚ್ಚಲ ನೀರು ಎಲ್ಲಿ ನಿಲ್ಲುತ್ತಿದೆ ಎಂದು ನೋಡಬೇಕು.

ಹಾಗಾಗಿ ಟಾಕಿ ನೆಲದ ಮೇಲಿರಲಿ, ದುಂಡಗಿರಲಿ, ಮನೆಯ ಹಿಂಬದಿಗಿರಲಿ.

ಎಷ್ಟು ದೊಡ್ಡದು ಬೇಕು? ಯೋಜನೆಯ ಮನೆಗೆ ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕೆಂಬ ನಿಯಮವಿದೆ. ಮಾಳಿಗೆಯೂ ಅಷ್ಟೇ ಎಂದುಕೊಳ್ಳಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 550 ಮಿಲಿಮೀಟರ್ ಬಿದ್ದು, ಹೀರಿದ್ದು, ಚೆಲ್ಲಿದ್ದು, ಆವಿಯಾದದ್ದು ಕಳೆದು ನೂರಕ್ಕೆ ಎಂಬತ್ತು ಭಾಗ ಸಿಕ್ಕರೂ 11,000 ಲೀಟರ್. ಬರ ಬಂದು 350 ಮಿಲಿಮೀಟರಿಗೆ ನಿಂತರೂ 7,000. ಕುಡಿಯಲು, ಅಡುಗೆಗೆ ತಲೆಗೆ 5 ಲೀಟರ್ ಹಿಡಿದರೆ ನಿಮ್ಮ ಮನೆಗೆ ದಿನಕ್ಕೆ 25 ಲೀಟರ್ ಸಾಕು, ವರ್ಷಕ್ಕೆ ಸುಮಾರು 9,100. ಹಿಂಗಾರಿನ ಕೊನೆಯ ಮಳೆ ಅಕ್ಟೋಬರಿನಲ್ಲಿ ಮುಗಿದರೆ ಮೇ ತಿಂಗಳ ಅಡ್ಡಮಳೆಯವರೆಗೆ ತಳ್ಳಬೇಕಾದದ್ದು ಸುಮಾರು 200 ದಿನ. 200 ದಿನಕ್ಕೆ 25ರಂತೆ 5,000 ಲೀಟರ್. ಗೌಂಡಿ ಹೇಳಿದ ಸಂಪಿನ ಅಳತೆಯೂ ಲೆಕ್ಕ ಹಾಕಿದರೆ 5,100 ಲೀಟರೇ ಆಗುತ್ತದೆ. ಅವರ ಅಂದಾಜು ಸರಿಯಿದೆ, ಜಾಗ ಮಾತ್ರ ತಪ್ಪಿದೆ.

ಈ ನೀರಿನಲ್ಲಿ ಸ್ನಾನ, ಬಟ್ಟೆ, ದನಕರು ಎಂದು ಕೈಹಾಕಿದರೆ ದೀಪಾವಳಿಗೇ ಟಾಕಿ ಬರಿದು. ಅವಕ್ಕೆ ನಳ ಮತ್ತು ಬೋರು ಇವೆ. ಮಳೆ ಟಾಕಿಗೆ ಬೋರಿನ ನೀರು ಒಂದು ಕೊಡವೂ ಬೀಳಕೂಡದು. ಮಕ್ಕಳ ಹಲ್ಲಿನ ಪಟ್ಟೆಯ ಬಗ್ಗೆ ಬರೆದಿದ್ದೀರಿ, ಅದು ಫ್ಲೋರೈಡಿನ ಗುರುತಿರಬಹುದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಳ್ಳೆಯ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಜಲಜೀವನ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲೂ ಐವರು ಹೆಣ್ಣುಮಕ್ಕಳಿಗೆ ಫೀಲ್ಡ್ ಟೆಸ್ಟ್ ಕಿಟ್ಟಿನಿಂದ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ಪಂಚಾಯಿತಿಯಲ್ಲಿ ಕಿಟ್ಟು ಎಲ್ಲಿದೆ ಎಂದು ಕೇಳಿ, ಬೋರಿನದೂ ನಳದ್ದೂ ಬೇರೆ ಬೇರೆ ಬಾಟಲಿಯಲ್ಲಿ ಕೊಡಿ. ನಳದಲ್ಲಿ ತುಂಗಭದ್ರೆಯ ನೀರು ಬರುವ ದಿನ ಒಂದು, ಊರ ಬೋರಿನ ನೀರು ಬಿಡುವ ದಿನ ಒಂದು ಎಂದಿದ್ದರೆ ಎರಡು ದಿನವೂ ಪರೀಕ್ಷೆ ಮಾಡಿಸಿ.

ಇನ್ನು ಟಾಕಿಯ ಕೆಲಸ. ಫೆರೋಸಿಮೆಂಟ್ ಟಾಕಿ, ಅಂದರೆ ತಂತಿ ಜಾಳಿಗೆಗೆ ಸಿಮೆಂಟ್ ಗಾರೆ ಮೆತ್ತಿದ ತೆಳು ಗೋಡೆಯ ಟಾಕಿ ಕಟ್ಟಿಸಿ. ಒಳ ಅಗಲ 6 ಅಡಿ, ಎತ್ತರ ಆರೂವರೆ ಅಡಿ ಇದ್ದರೆ 5,000 ಲೀಟರ್ ಹಿಡಿಯುತ್ತದೆ. ಕೆಳಗಿನ ಎರೆ ಮಣ್ಣನ್ನು 3 ಅಡಿ ತೆಗೆದು ಹಾಕಿ, ಅರ್ಧರ್ಧ ಅಡಿಯ ಪದರದಲ್ಲಿ ಗರಸು ತುಂಬಿ, ನೀರು ಹೊಡೆದು ದಮ್ಮಸ್ಸು ಮಾಡಿ. ಅದರ ಮೇಲೆ ಎರಡಡಿ ಕಟ್ಟೆ, ಕಟ್ಟೆಯ ಮೇಲೆ ಟಾಕಿ. ಕಟ್ಟೆ ಏಕೆಂದರೆ ನಲ್ಲಿಯ ಕೆಳಗೆ ಕೊಡ ಕೂರಬೇಕು. ಇದನ್ನು ಮರೆತು ಆಮೇಲೆ ನಲ್ಲಿಯ ಮುಂದೆ ಗುಂಡಿ ತೋಡಿದ ಮನೆಗಳು ಬೇಕಾದಷ್ಟಿವೆ. ಆ ಗುಂಡಿಯಲ್ಲಿ ನೀರು ನಿಂತು ಮತ್ತೆ ಅದೇ ಎರೆ ಮಣ್ಣಿನ ಕಥೆ.

ವೆಲ್ಡ್ ಮೆಶ್ಶಿನ ದುಂಡು ಚೌಕಟ್ಟಿಗೆ ಒಳಗೊಂದು, ಹೊರಗೊಂದು ಪದರ ಚಿಕನ್ ಮೆಶ್ ಬಿಗಿದು ಕಟ್ಟಬೇಕು. ಗಾರೆ 1:3 (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಉಸುಕು), ದಪ್ಪ 3 ಸೆಂಟಿಮೀಟರ್. ಗೋಡೆ, ತಳ, ಮುಚ್ಚಳ ಎಲ್ಲ ಸೇರಿ ಅರ್ಧ ಘನ ಮೀಟರ್ ಗಾರೆ, ಅಂದರೆ 5 ಚೀಲ ಸಿಮೆಂಟ್. ಒಂದು ಹೆಚ್ಚಿಗೆ ತರಿಸಿ, ಕಟ್ಟೆಯದು ಬೇರೆ. ಚೀಲಕ್ಕೆ 21 ಲೀಟರಿಗಿಂತ ಹೆಚ್ಚು ನೀರು ಬೇಡ. ಕೈಗೆ ಹಗುರಾಗಲೆಂದು ತೆಳ್ಳಗೆ ಕಲಸಿದ ಗಾರೆಯೇ ಮುಂದೆ ಜಿನುಗುವುದು. ಗೋಡೆಯ ಒಂದು ಬದಿಯ ಗಿಲಾವನ್ನು ಒಂದೇ ದಿನ ಮುಗಿಸಬೇಕು. ಅರ್ಧಕ್ಕೆ ನಿಲ್ಲಿಸಿ ಮರುದಿನ ಹಚ್ಚಿದರೆ ಆ ಗೆರೆಯಲ್ಲೇ ಸೋರುತ್ತದೆ. 14 ದಿನ ಗೋಣಿತಟ್ಟು ಹೊದಿಸಿ ಹಸಿ ಆರದಂತೆ ನೋಡಿಕೊಳ್ಳಿ. ನಲ್ಲಿಯನ್ನು ತಳದಿಂದ 4 ಇಂಚು ಮೇಲೆ ಕೂರಿಸಿ, ಕೆಸರು ಕೆಳಗೇ ಉಳಿಯುತ್ತದೆ. ತೊಳೆಯುವ ಪೈಪು ಮಾತ್ರ ತಳಮಟ್ಟಕ್ಕಿರಲಿ. ತುಂಬಿ ಹೆಚ್ಚಾದ ನೀರಿನ ಪೈಪಿಗೆ ಸೊಳ್ಳೆ ಜಾಳಿಗೆ ಕಟ್ಟಿ, ನೀರನ್ನು ಪಾಯದಿಂದ ಹತ್ತು-ಹನ್ನೆರಡು ಅಡಿ ಆಚೆಗೆ, ಇಳಿಜಾರಿನ ಕಡೆಗೆ ಒಯ್ದು ಬಿಡಿ. ಬೇಸಿಗೆಯಲ್ಲೂ ಟಾಕಿಯನ್ನು ಪೂರ್ತಿ ಒಣಗಲು ಬಿಡಬೇಡಿ, ಕೂದಲೆಳೆ ಬಿರುಕು ಬರುತ್ತದೆ.

ಮಾಳಿಗೆಯ ವಿಷಯದಲ್ಲಿ ಈಗಲೇ ತೀರ್ಮಾನ ಬೇಕು. ಹರನಾಳಿಗೆಗಳು ಬೀದಿ ಕಡೆಗೆ, ಟಾಕಿ ಹಿತ್ತಲ ಕಡೆಗೆ ಆದರೆ ಮನೆ ಸುತ್ತ ಪೈಪು ಎಳೆಯಬೇಕಾಗುತ್ತದೆ. 5 ಮೀಟರ್ ಉದ್ದಕ್ಕೆ 2 ಇಂಚು ಇಳಿಜಾರು, ಹಿಂಬದಿಗೆ ಎರಡು ಹರನಾಳಿಗೆ. ಸ್ಲ್ಯಾಬ್ ಹಾಕುವ ಮುಂಚೆಯೇ ಪೈಪಿನ ತುಂಡುಗಳನ್ನು ಇಟ್ಟುಬಿಡಬೇಕು. ಆಮೇಲೆ ಒಡೆದರೆ ಮಾಳಿಗೆ ಸೋರುತ್ತದೆ. ಸೋರಿಕೆಗೆಂದು ಡಾಂಬರು ಬಳಿಯಬೇಡಿ, ಕುಡಿಯುವ ನೀರು ಅದರ ಮೇಲೆ ಹರಿಯಬಾರದು. ಹೊಸ ಸಿಮೆಂಟಿನ ಸುಣ್ಣ ಇಳಿಯುವುದರಿಂದ ಮೊದಲ ಎರಡು ದೊಡ್ಡ ಮಳೆಯ ನೀರನ್ನು ಹಿಡಿಯದೆ ಬಿಡಿ.

ಟಾಕಿಯ ಮೇಲೆ ಇಪ್ಪತ್ತು ಲೀಟರ್ ಬಕೆಟ್ಟಿನಲ್ಲಿ ಉಸುಕು, ಇದ್ದಿಲು, ಖಡಿ ತುಂಬಿ ಫಿಲ್ಟರ್ ಎಂದು ಇಡುವುದುಂಟು. ನಮ್ಮ ಅಭಿಪ್ರಾಯದಲ್ಲಿ ಅದು ನೋಡಲಿಕ್ಕೆ ಚೆಂದ ಅಷ್ಟೆ. ಗಂಟೆಗೆ 50 ಮಿಲಿಮೀಟರ್ ಸುರಿಯುವ ಮಳೆಗೆ ನಿಮ್ಮ ಮಾಳಿಗೆಯಿಂದ 1,250 ಲೀಟರ್ ಬರುತ್ತದೆ, ಆ ಬಕೆಟ್ಟು ಅಷ್ಟನ್ನು ಇಳಿಸಲಾರದೆ ಹೊರಗೆ ಚೆಲ್ಲುತ್ತದೆ. ಅದಕ್ಕಿಂತ ಮೊದಲ ಕೊಳೆ ನೀರನ್ನು ಬೇರೆ ಮಾಡುವುದು ಮೇಲು. ಮಾಳಿಗೆಯಿಂದ ಬರುವ ಪೈಪು ಟಾಕಿಗೆ ತಿರುಗುವ ಮುಂಚೆ ಒಂದು ಟೀ (ಮೂರು ಬಾಯಿಯ ಪೈಪು ಜೋಡಣೆ) ಹಾಕಿ, ಅದರಿಂದ 4 ಇಂಚಿನ ಪೈಪು 10 ಅಡಿ ನೇರ ಕೆಳಗೆ ಇಳಿಸಿ, ಬುಡಕ್ಕೆ ತಿರುಪಿನ ಮುಚ್ಚಳ ಹಾಕಿ. ಅದರಲ್ಲಿ ಸುಮಾರು 26 ಲೀಟರ್ ಹಿಡಿಯುತ್ತದೆ. ಧೂಳು, ಹಕ್ಕಿ ಹಿಕ್ಕೆ, ಎಲೆ ಕೊಳೆತ ನೀರು ಅಲ್ಲಿ ನಿಂತು, ಅದು ತುಂಬಿದ ಮೇಲೆ ಬಂದ ನೀರು ಟಾಕಿಗೆ ಹೋಗುತ್ತದೆ. ಮಳೆ ನಿಂತ ಮೇಲೆ ಮುಚ್ಚಳ ಬಿಚ್ಚಿ ಖಾಲಿ ಮಾಡಲೇಬೇಕು. ಮರೆತರೆ ಮುಂದಿನ ಮಳೆಯ ಕೊಳೆಯೆಲ್ಲ ನೇರ ಟಾಕಿಗೆ. ಮೆಣಸಿನಕಾಯಿ ಒಣಹಾಕುವುದು ಮಳೆಯಿಲ್ಲದ ತಿಂಗಳಲ್ಲಾದ್ದರಿಂದ ಅಡ್ಡಿಯಿಲ್ಲ, ಮೇ ಮಳೆಗೆ ಮುಂಚೆ ಮಾಳಿಗೆ ಗುಡಿಸಿ ತೊಳೆದರೆ ಆಯಿತು. ಕುರಿ, ಕೋಳಿ ಮಾತ್ರ ಮೇಲೆ ಹತ್ತಬಾರದು.

ದುಡ್ಡಿನ ಮಾತು. ಬಯಲು ಸೀಮೆಗೆ 1.20 ಲಕ್ಷ, ಶೌಚಾಲಯಕ್ಕೆ 12,000 ಬೇರೆ, 90 ಮಾನವ ದಿನಗಳ ಕೂಲಿ ಬೇರೆ ಎಂಬುದು ಯೋಜನೆಯ ಮಾರ್ಗಸೂಚಿ. ಬೇಕಿದ್ದವರಿಗೆ 70,000ದವರೆಗೆ ಸಾಲದ ಅವಕಾಶವೂ ಇದೆ. ಹಣ ಬರುವುದು ಪಾಯ, ಲಿಂಟಲ್, ಛಾವಣಿ ಎಂದು ಹಂತ ಮುಗಿದು ಫೋಟೊ ಏರಿದ ಮೇಲೆ. ಟಾಕಿಗೆಂದು ಪ್ರತ್ಯೇಕ ಕಂತಿಲ್ಲ. ಆದ್ದರಿಂದ ಪಾಯಕ್ಕೆ ಗರಸು ತರಿಸುವಾಗ ಕಟ್ಟೆಯ ಗರಸೂ ಅದೇ ಟ್ರ್ಯಾಕ್ಟರಿನಲ್ಲಿ ಬರಲಿ, ಪೈಪಿನ ತುಂಡು ಸ್ಲ್ಯಾಬಿನ ಜೊತೆ ಕೂರಲಿ, ಟಾಕಿ ಛಾವಣಿಯ ಕಂತು ಬಂದ ಮೇಲೆ. ಕೈ ಬಿಗಿಯಾದರೆ ಹೊರಗಿನ ಗಿಲಾವು ಒಂದು ವರ್ಷ ಕಾಯಬಹುದು. ಮನೆಗಳು ಲಿಂಟಲ್ ಮಟ್ಟದಲ್ಲಿ ನಿಂತುಬಿಡುವುದು ಟಾಕಿಯಿಂದಲ್ಲ, ಇಷ್ಟು ದುಡ್ಡಿಗೆ ಮೂರು ಕೋಣೆಯ ಪಾಯ ಹಾಕಿಬಿಡುವುದರಿಂದ. ನಿಮ್ಮ ನಕ್ಷೆಯಲ್ಲಿ ಆ ಮೂರನೇ ಕೋಣೆ ಇದ್ದರೆ ಇಂದೇ ಅಳಿಸಿ.

ನಳದ ಬಗ್ಗೆ ಒಂದಿಷ್ಟು. ಜಲಜೀವನ ಮಿಷನ್ನಿನ ತಲೆಗೆ ದಿನಕ್ಕೆ 55 ಲೀಟರ್ ಎಂಬ ಲೆಕ್ಕದಲ್ಲಿ ನಿಮಗೆ 275 ಬರಬೇಕು. ನಾಲ್ಕು ದಿನಕ್ಕೊಮ್ಮೆ ಬಿಟ್ಟರೆ 1,100 ಲೀಟರ್ ಕೂಡಿಡಬೇಕು, ಬಳಕೆಗೆ ಅಷ್ಟರ ಬೇರೆ ಟಾಕಿ ಸಾಕು. ನಳಕ್ಕೆ ಮೋಟಾರ್ ಕಟ್ಟಿ ಎಳೆಯಬೇಡಿ. ಸೋರುವ ಜೋಡಣೆಗಳ ಮೂಲಕ ಚರಂಡಿ ನೀರನ್ನೂ ಅದು ಎಳೆದುಕೊಳ್ಳುತ್ತದೆ, ಓಣಿಯ ಕೊನೆಯ ಮನೆಗೆ ನೀರು ತಪ್ಪುತ್ತದೆ. ದೂರಿದ್ದರೆ ನೀರಗಂಟಿಯ ಹತ್ತಿರ ಜಗಳಕ್ಕೆ ನಿಲ್ಲದೆ, ಯಾವ ದಿನ ಎಷ್ಟು ಹೊತ್ತು ನೀರು ಬಂತೆಂದು ಒಂದು ತಿಂಗಳು ಬರೆದಿಟ್ಟು, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗೂ ಪಿಡಿಒಗೂ ಬರಹದಲ್ಲಿ ಕೊಡಿ.

ಶೌಚಾಲಯದ ಜೋಡಿ ಗುಂಡಿಗಳನ್ನು ಟಾಕಿಯ ಎದುರು ದಿಕ್ಕಿಗೆ, ಪಾಯದಿಂದ ದೂರ ತೋಡಿಸಿ. ಎರೆ ಮಣ್ಣಿನಲ್ಲಿ ನೀರು ಬೇಗ ಇಂಗದ ಕಾರಣ ಗುಂಡಿಯ ಸುತ್ತ ಒಂದಡಿ ಉಸುಕು ತುಂಬಿಸಿ.

ಮಳೆ ನೀರನ್ನು ಬಟ್ಟೆಯಲ್ಲಿ ಸೋಸಿ ಕುದಿಸಿ ಕುಡಿಯಬಹುದು, ಇದರಲ್ಲಿ ಫ್ಲೋರೈಡಿನ ಭಯವಿಲ್ಲ. ಕುದಿಸಲು ಆಗದಿದ್ದರೆ ತುಂಬಿದ ಟಾಕಿಗೆ 12 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಹಾಕಿ ಒಂದು ಗಂಟೆ ಬಿಡಿ. ಪುಡಿ ಮೂಗಿಗೆ ಘಾಟು ಹೊಡೆಯುವಂತಿರಬೇಕು. ವರ್ಷಗಟ್ಟಲೆ ಬಾಯಿ ತೆರೆದಿಟ್ಟ ಚೀಲದ್ದಾದರೆ ಅದರಲ್ಲಿ ಉಳಿದಿರುವುದು ಬರೀ ಸುಣ್ಣ.

— ಸಂಪಾದಕ