ಮನೆ ಕಟ್ಟಿ ನೋಡು: ಇಟ್ಟಿಗೆ ಮಗ್ಗುಲಾಗಿ ಇಟ್ಟರೆ ಗೋಡೆ ನಿಲ್ಲುತ್ತದಾ?

ಪ್ರಶ್ನೆ: ಬೇಸಿಗೆ ರಜೆಯಲ್ಲಿ ತ್ರಿಶೂರಿನ ನೆಂಟರ ಮನೆಗೆ ಹೋಗಿದ್ದೆವು. ಅವರ ಪಕ್ಕದ ಮನೆಗೆ ಹೊರಗೂ ಗಾರೆ ಇಲ್ಲ, ಒಳಗೂ ಇಲ್ಲ. ಇಟ್ಟಿಗೆ ಹಾಗೇ ಕಾಣುತ್ತದೆ. ತಲೆ ಎತ್ತಿ ನೋಡಿದರೆ ಕಾಂಕ್ರೀಟಿನ ನಡುವೆ ಮಂಗಳೂರು ಹಂಚು! ಆದರೂ ಒಳಗೆ ತಂಪಾಗಿತ್ತು. ‘ಕಾಸ್ಟ್‌ಫೋರ್ಡ್‌ನವರು ಕಟ್ಟಿಕೊಟ್ಟಿದ್ದು, ಖರ್ಚು ಕಡಿಮೆ ಆಯ್ತು’ ಅಂದರು. ಇದು ಸರ್ಕಾರಿ ಸಂಸ್ಥೆಯಾ, ಕಂಪನಿಯಾ? ಹೀಗೆ ಕಟ್ಟಿದ್ದು ಬಾಳಿಕೆ ಬರುತ್ತಾ?
— ಓದುಗರು, ಸಾಗರ

ಉತ್ತರ: ಸರ್ಕಾರಿಯೂ ಅಲ್ಲ, ಕಂಪನಿಯೂ ಅಲ್ಲ. ಲಾಭ ಇಟ್ಟುಕೊಳ್ಳದ ಸಂಸ್ಥೆ ಅದು. 1985ರಲ್ಲಿ ತ್ರಿಶೂರಿನಲ್ಲಿ ಶುರುವಾಯಿತು. ಶುರು ಮಾಡಿದವರು ಯಾರು ನೋಡಿ: ಕೇರಳದ ಮುಖ್ಯಮಂತ್ರಿಯಾಗಿದ್ದ ಸಿ. ಅಚ್ಯುತ ಮೆನನ್, ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್, ಸಾರ್ವಜನಿಕ ಕೆಲಸದಲ್ಲೇ ಬದುಕು ಕಳೆದ ಟಿ. ಆರ್. ಚಂದ್ರದತ್, ಮತ್ತು ವಾಸ್ತುಶಿಲ್ಪಿ ಲಾರಿ ಬೇಕರ್.

ಅಚ್ಯುತ ಮೆನನ್ ಅವರ ಸರ್ಕಾರವೇ 1972ರಲ್ಲಿ ಬಡವರಿಗಾಗಿ ‘ಲಕ್ಷಂ ವೀಡು’ ಯೋಜನೆ ತಂದದ್ದು. ಒಂದು ಲಕ್ಷ ಮನೆ ಕಟ್ಟುವ ಗುರಿ. ಒಂದೇ ನಡುಗೋಡೆ ಹಂಚಿಕೊಂಡ ಪುಟ್ಟ ಜೋಡಿ ಮನೆಗಳು. ಅಂಥ ದೊಡ್ಡ ಯೋಜನೆ ನಡೆಸಿದವರು ಅಧಿಕಾರ ಬಿಟ್ಟು ಊರಿಗೆ ಬಂದು, ಒಂದೊಂದೇ ಕುಟುಂಬದ ಜೊತೆ ಕೂತು ಮನೆ ಕಟ್ಟುವ ಸಂಸ್ಥೆಗೆ ಹೆಗಲು ಕೊಟ್ಟರು. ನನಗೆ ಈ ಸಂಸ್ಥೆಯ ಮೇಲೆ ಗೌರವ ಮೂಡಿದ್ದು ಮೊದಲು ಇದರಿಂದ, ಆಮೇಲೆ ಅದರ ಗೋಡೆಗಳಿಂದ.

ಬೇಕರ್ ಹುಟ್ಟಿದ್ದು 1917ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಕಟ್ಟುವ ಕೆಲಸಕ್ಕೆ ಭಾರತಕ್ಕೆ ಬಂದು ಇಲ್ಲೇ ಉಳಿದರು. ಹಿಮಾಲಯದ ಪಿಥೋರಾಗಢದಲ್ಲಿ ವರ್ಷಗಟ್ಟಲೆ ಇದ್ದು, ಆಮೇಲೆ ಕೇರಳಕ್ಕೆ ಇಳಿದರು. 2007ರಲ್ಲಿ ತಿರುವನಂತಪುರದಲ್ಲೇ ತೀರಿಕೊಂಡರು. ಮನೆಗೆ ಬೇಕಾದ ಸಾಮಾನು ಐದು ಮೈಲಿ ಒಳಗೇ ಸಿಗಬೇಕು ಎಂಬ ಗಾಂಧೀಜಿ ಮಾತನ್ನು ಅವರು ಕೊನೆವರೆಗೂ ಹಿಡಿದುಕೊಂಡಿದ್ದರು.

ಈಗ ಖರ್ಚು ಎಲ್ಲಿ ಉಳಿಯಿತು ಅನ್ನುವ ವಿಷಯ. ಸಿಮೆಂಟಿಗೆ ಮರಳು ಜಾಸ್ತಿ ಸುರಿದು ಉಳಿಸಿದ್ದಲ್ಲ. ನೀವು ನೋಡಿದ ಗೋಡೆಗೆ ‘ರ್ಯಾಟ್ ಟ್ರ್ಯಾಪ್’ ಅನ್ನುತ್ತಾರೆ. ನಾನು ಡಿಪ್ಲೊಮಾ ಮುಗಿಸಿ ಸೈಟಿಗೆ ಇಳಿದ ಹೊಸತರಲ್ಲಿ, ಕೇರಳದಲ್ಲಿ ಕೆಲಸ ಕಲಿತು ಬಂದಿದ್ದ ಮೇಸ್ತ್ರಿಯೊಬ್ಬರು ಇದನ್ನು ಕಟ್ಟುವುದನ್ನು ಇಡೀ ದಿನ ನಿಂತು ನೋಡಿದ್ದೆ. ಇಟ್ಟಿಗೆಯನ್ನು ಮಲಗಿಸುವ ಬದಲು ಮಗ್ಗುಲಾಗಿ ನಿಲ್ಲಿಸುತ್ತಾರೆ. ಹೊರಮುಖಕ್ಕೆ ಒಂದು, ಒಳಮುಖಕ್ಕೆ ಒಂದು. ಒಂದೊಂದೂ ಮೂರು ಇಂಚು ದಪ್ಪ. ನಡುವೆ ಮೂರು ಇಂಚು ಖಾಲಿ. ಅಲ್ಲಿಗೆ ಗೋಡೆ ಒಂಬತ್ತು ಇಂಚೇ ಆಯ್ತು. ಆಮೇಲೆ ಒಂದು ಇಟ್ಟಿಗೆ ಅಡ್ಡ ಬಂದು ಎರಡೂ ಮುಖಗಳನ್ನು ಹಿಡಿದುಕೊಳ್ಳುತ್ತದೆ. ಮೇಸ್ತ್ರಿ ಕೈಯಲ್ಲಿ ಮೂರು ಇಂಚು ಅಗಲದ ಒಂದು ರೀಪು ಇತ್ತು. ಮೇಲಿನ ವರಸೆಗೆ ಗಾರೆ ಹಾಕುವ ಮುಂಚೆ ಅದನ್ನು ಖಾಲಿ ಜಾಗದ ಮೇಲೆ ಮುಚ್ಚುತ್ತಿದ್ದರು. ಗಾರೆ ಒಳಗೆ ಬೀಳಬಾರದು ಅಂತ. ಬಿದ್ದರೆ ಸಿಮೆಂಟೂ ದಂಡ, ಗೋಡೆಯೊಳಗಿನ ಗಾಳಿಯೂ ಹೋಯ್ತು. ಆ ಗಾಳಿಯಿಂದಲೇ ನಿಮಗೆ ಒಳಗೆ ತಂಪು ಅನ್ನಿಸಿದ್ದು.

ಹೀಗೆ ಕಟ್ಟಿದರೆ ಇಟ್ಟಿಗೆಯಲ್ಲಿ ಸುಮಾರು ಕಾಲು ಭಾಗ ಉಳಿಯುತ್ತದೆ. ತಳದ ವರಸೆ, ಕಿಟಕಿ ಕೆಳಗಿನ ವರಸೆ, ಬಾಗಿಲು ಕಿಟಕಿಯ ಅಕ್ಕಪಕ್ಕ, ಛಾವಣಿ ಕೂರುವ ವರಸೆ, ಇವನ್ನು ಮಾತ್ರ ತುಂಬಿಸಿಯೇ ಕಟ್ಟಬೇಕು. ಮೂಲೆಗಳ ಖಾಲಿ ಜಾಗದಲ್ಲಿ ಕಬ್ಬಿಣದ ಸರಳು ಇಳಿಸಿ ಕಾಂಕ್ರೀಟ್ ತುಂಬಿದರೆ ಗೋಡೆಗೆ ಇನ್ನೂ ಬಲ ಬರುತ್ತದೆ.

ಹಂಚಿನ ಛಾವಣಿಗೆ ‘ಫಿಲ್ಲರ್ ಸ್ಲ್ಯಾಬ್’ ಅನ್ನುತ್ತಾರೆ. ಆರ್‌ಸಿಸಿ ಛಾವಣಿಯ ಮೇಲ್ಭಾಗದ ಕಾಂಕ್ರೀಟು ಒತ್ತಡ ತಡೆದುಕೊಳ್ಳುತ್ತದೆ. ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ. ಅಲ್ಲಿ ಸರಳುಗಳ ನಡುವಿನ ಕಾಂಕ್ರೀಟು ಸುಮ್ನೆ ಭಾರ. ಆ ಜಾಗದಲ್ಲಿ ಎರಡೆರಡು ಹಂಚು ಸೇರಿಸಿ ಇಟ್ಟುಬಿಟ್ಟರೆ ಕಾಂಕ್ರೀಟೂ ಉಳಿಯುತ್ತದೆ, ಛಾವಣಿ ಹಗುರಾದ್ದರಿಂದ ಕಬ್ಬಿಣವೂ ಉಳಿಯುತ್ತದೆ. ಹೊಸ ಹಂಚೇ ಆಗಬೇಕಿಲ್ಲ, ತುದಿ ಒಡೆದ ಹಳೇ ಹಂಚೂ ಆಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರಲ್ಲ, ಅಲ್ಲಿಂದ ಶುರುವಾದ ಹಂಚು ಇದು. ನಮ್ಮ ಮಲೆನಾಡಿನಲ್ಲಿ ಹಳೇ ಮನೆ ಕೆಡವಿದಾಗ ಹಿತ್ತಲಲ್ಲಿ ರಾಶಿ ಬಿದ್ದಿರುತ್ತದೆ, ಅಲ್ವಾ?

ಇದಲ್ಲದೆ ಲಿಂಟಲ್ ಬದಲು ಇಟ್ಟಿಗೆ ಕಮಾನು. ದೊಡ್ಡ ಕಿಟಕಿ ಬೇಡವಾದ ಕಡೆ ಇಟ್ಟಿಗೆಯದೇ ಜಾಲಿ, ಅಂದರೆ ಗಾಳಿ ಬೆಳಕಿಗೆ ಸಂದು ಬಿಟ್ಟು ಕಟ್ಟಿದ ಗೋಡೆ. ಚೌಕಟ್ಟಿಲ್ಲದ ಬಾಗಿಲು. ಒಂದೊಂದು ಕಡೆ ಸ್ವಲ್ಪ ಸ್ವಲ್ಪ ಉಳಿಯುತ್ತಾ ಹೋಗುತ್ತದೆ.

ಬಾಳಿಕೆ ಬಗ್ಗೆ ಕೇಳಿದಿರಿ. ತಿರುವನಂತಪುರದ ಉಳ್ಳೂರಿನಲ್ಲಿ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಎಂಬ ಸಂಶೋಧನಾ ಸಂಸ್ಥೆ ಇದೆ. ಬೇಕರ್ 1970ರ ದಶಕದಲ್ಲಿ ಕಟ್ಟಿದ ಇಟ್ಟಿಗೆ ಕಟ್ಟಡಗಳು. ಕೇರಳದ ಮಳೆ ತಿನ್ನುತ್ತಾ ಇವತ್ತಿಗೂ ನಿಂತಿವೆ. ಯಾವಾಗಲಾದರೂ ಆ ಕಡೆ ಹೋದರೆ ಒಮ್ಮೆ ನೋಡಿ ಬನ್ನಿ.

ಇನ್ನೊಂದು ಮಾತು, ನನಗೆ ಮುಖ್ಯ ಅನ್ನಿಸುವುದು. ಮನೆಯ ಪ್ಲಾನು, ಮೇಲ್ವಿಚಾರಣೆಗೆ ಫೀಸು ಸಾಮಾನ್ಯವಾಗಿ ಒಟ್ಟು ಖರ್ಚಿನ ಇಷ್ಟು ಪರ್ಸೆಂಟ್ ಅಂತ ಇರುತ್ತದೆ. ಖರ್ಚು ಏರಿದಷ್ಟೂ ಫೀಸು ಏರುತ್ತದೆ. ಖರ್ಚು ಇಳಿಸಲು ತಲೆ ಕೆಡಿಸಿಕೊಂಡವರಿಗೆ ಸಿಗುವುದು ಕಡಿಮೆ. ಲಾಭ ಬೇಡ ಅನ್ನುವ ಸಂಸ್ಥೆಗೆ ಈ ಇಕ್ಕಟ್ಟಿಲ್ಲ. ನಿಮಗೆ ಈ ಗೋಡೆ ಬೇಡ, ಈ ಸಜ್ಜಾ ಬೇಡ ಅಂತ ಅದು ಧೈರ್ಯವಾಗಿ ಹೇಳಬಹುದು. ಕಾಸ್ಟ್‌ಫೋರ್ಡ್ ಉಳ್ಳವರಿಗೂ ಕಟ್ಟುತ್ತದೆ, ಇಲ್ಲದವರಿಗೂ ಕಟ್ಟುತ್ತದೆ. ತಿರುವನಂತಪುರದ ಕರಿಮಠಂ ಕಾಲೊನಿಯಲ್ಲಿ ಗುಡಿಸಲಿನಲ್ಲಿದ್ದವರನ್ನು ಊರ ಹೊರಗೆ ಸಾಗಿಸದೆ, ಅದೇ ಜಾಗದಲ್ಲಿ ಮಹಡಿ ಮನೆ ಕಟ್ಟಿಕೊಡುವ ಕೆಲಸ ಹಿಡಿದದ್ದೂ ಈ ಸಂಸ್ಥೆಯೇ. ಮೀನು ಮಾರುವವರು, ಮನೆಗೆಲಸಕ್ಕೆ ಹೋಗುವವರು ಪೇಟೆಯಿಂದ ಹತ್ತು ಕಿಲೋಮೀಟರ್ ಆಚೆ ಹೋದರೆ ಬಸ್ಸಿನ ಖರ್ಚಿಗೇ ದುಡಿಮೆ ಕರಗುತ್ತದೆ. ಇದ್ದಲ್ಲೇ ಕಟ್ಟುವುದು ಕಷ್ಟದ ಕೆಲಸ. ಆದರೆ ಸರಿಯಾದ ಕೆಲಸ.

ನೀವು ಸಾಗರದವರು. ನಿಮ್ಮಲ್ಲಿ ಜಂಬಿಟ್ಟಿಗೆ ಸಿಗುತ್ತದೆ. ರ್ಯಾಟ್ ಟ್ರ್ಯಾಪ್ ಆಸೆಗೆ ದೂರದಿಂದ ಇಟ್ಟಿಗೆ ಲಾರಿ ತರಿಸಬೇಡಿ. ಗೋಡೆಗೆ ಜಂಬಿಟ್ಟಿಗೆ, ಛಾವಣಿಗೆ ಫಿಲ್ಲರ್ ಸ್ಲ್ಯಾಬ್. ಅಷ್ಟು ಸಾಕು.

ಪ್ರಶ್ನೆ: ರ್ಯಾಟ್ ಟ್ರ್ಯಾಪ್ ಗೋಡೆಯೊಳಗೆ ಇಲಿ ಸೇರಿಕೊಳ್ಳುವುದಿಲ್ಲವಾ? ಮೊಳೆ ಹೊಡೆಯಬಹುದಾ?
— ಓದುಗರು, ಮಂಡ್ಯ

ಉತ್ತರ: ಎಲ್ಲ ಕಡೆ ಮುಚ್ಚಿರುತ್ತದೆ, ಇಲಿಗೆ ದಾರಿಯೇ ಇಲ್ಲ. ಮೊಳೆ ಹೊಡೆಯಬಹುದು. ಭಾರದ ಕಪಾಟು, ವಾಶ್ ಬೇಸಿನ್ ಎಲ್ಲಿ ಬರುತ್ತದೆ ಅಂತ ಮೊದಲೇ ಹೇಳಿದರೆ ಮೇಸ್ತ್ರಿ ಅಷ್ಟು ಜಾಗ ತುಂಬಿಸಿ ಕಟ್ಟುತ್ತಾರೆ. ವೈರಿಂಗ್ ಪೈಪೂ ಹಾಗೆಯೇ, ಗೋಡೆ ಏಳುವಾಗಲೇ ಒಳಗೆ ಇಳಿಸಿಬಿಡಿ. ಆಮೇಲೆ ಗೋಡೆ ಕೊರೆಯುವ ಕೆಲಸ ಬೇಡ.

ಪ್ರಶ್ನೆ: ಅಕ್ಕಾ, ನಮ್ಮದು ಚನ್ನಗಿರಿ ಹತ್ತಿರದ ಹಳ್ಳಿ. ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಮನೆ ಮಂಜೂರಾಗಿದೆ. ನಮ್ಮವರು ಆಟೋ ಓಡಿಸುತ್ತಾರೆ. ಕೈಯಲ್ಲಿ ಸ್ವಲ್ಪ ಉಳಿತಾಯ ಇದೆ. ಗಾರೆ ಮಾಡಿಸದೆ ಇಟ್ಟಿಗೆ ಹಾಗೇ ಬಿಡೋಣ, ಆ ದುಡ್ಡಲ್ಲಿ ಅಡುಗೆಮನೆ ದೊಡ್ಡದು ಮಾಡೋಣ ಅಂತ ನನ್ನ ಆಸೆ. ಮಾವ ಒಪ್ಪುತ್ತಿಲ್ಲ. ‘ಅರ್ಧಂಬರ್ಧ ಮನೆ ಅಂತ ಊರವರು ಆಡಿಕೊಳ್ತಾರೆ’ ಅನ್ನುತ್ತಾರೆ. ಹೇಗೆ ಒಪ್ಪಿಸಲಿ?
— ಹೆಸರು ಬೇಡ

ಉತ್ತರ: ತಂಗಿ, ಮೊದಲು ನಿನ್ನ ಮಾವನವರ ಮಾತಿಗೆ ಬೆಲೆ ಕೊಡು. ನಮ್ಮ ಹಳ್ಳಿಗಳಲ್ಲಿ ಗಾರೆ ಕಾಣದ ಮನೆ ಅಂದರೆ ದುಡ್ಡು ಮುಗಿದು ಕೆಲಸ ನಿಂತ ಮನೆ. ಬಡವರ ಕಾಲೊನಿಗಳಲ್ಲಿ ಅಂಥ ಮನೆಗಳನ್ನು ಅವರು ಜೀವಮಾನವಿಡೀ ನೋಡಿದ್ದಾರೆ. ತಮ್ಮ ಮನೆ ಹಾಗೆ ಕಾಣಬಾರದು ಅನ್ನುವುದು ಹಟವಲ್ಲ, ಮರ್ಯಾದೆಯ ಪ್ರಶ್ನೆ. ಅದನ್ನು ಅಸಡ್ಡೆ ಮಾಡುವ ಎಂಜಿನಿಯರುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ನಿನ್ನ ಮನೆಯ ಲೆಕ್ಕ. ಗ್ರಾಮೀಣ ಯೋಜನೆಯಲ್ಲಿ ಬಯಲು ಸೀಮೆಗೆ ಬರುವ ನೆರವು 1,20,000 ರೂಪಾಯಿ. ಕನಿಷ್ಠ 25 ಚದರ ಮೀಟರ್ ಕಟ್ಟಬೇಕು, ಅಂದರೆ ಎರಡೂಮುಕ್ಕಾಲು ಚದರದ ಹತ್ತಿರ. ದುಡ್ಡು ಒಂದೇ ಸಲ ಬರುವುದಿಲ್ಲ, ಕೆಲಸ ಒಂದೊಂದು ಹಂತ ಮುಗಿದ ಹಾಗೆ ಬರುತ್ತದೆ. ಹಾಗಾಗಿ ಮೊದಲ ಪಾಯದಲ್ಲೇ ಉಳಿತಾಯ ಪೂರ್ತಿ ಹಾಕಿಬಿಡಬೇಡ. ನಡುವೆ ಕಂತು ತಡವಾದರೆ ಬಡ್ಡಿ ಸಾಲಕ್ಕೆ ಕೈ ಚಾಚಬೇಕಾಗುತ್ತದೆ. ಮನೆ ಕಟ್ಟುವವರು ಸೋಲುವುದು ಹೆಚ್ಚಾಗಿ ಅಲ್ಲೇ.

ಇಟ್ಟಿಗೆ ನೋಡದೆ ನಿರ್ಧಾರ ಮಾಡಬೇಡ. ನಿಮ್ಮ ಕಡೆ ಸಿಗುವ ಗೂಡಿನ ಇಟ್ಟಿಗೆ ಎರಡು ತೆಗೆದುಕೊಂಡು ಒಂದಕ್ಕೊಂದು ತಟ್ಟು. ಟಣ್ ಅನ್ನಬೇಕು. ಅಂಚು ನೇರ ಇರಬೇಕು, ಎಲ್ಲ ಒಂದೇ ಅಳತೆ ಬರಬೇಕು. ಇದಿಷ್ಟು ಇಲ್ಲದಿದ್ದರೆ ಹೊರಗಡೆ ಗಾರೆ ಮಾಡಿಸಲೇಬೇಕು. ನೀರು ಕುಡಿಯುವ ಇಟ್ಟಿಗೆಯನ್ನು ಹಾಗೇ ಬಿಟ್ಟರೆ ಮಳೆಗಾಲದಲ್ಲಿ ಗೋಡೆ ಥಂಡಿ ಹಿಡಿಯುತ್ತದೆ, ಅಡುಗೆಮನೆ ದೊಡ್ಡದಾಗಿ ಏನು ಬಂತು?

ಇಟ್ಟಿಗೆ ಚೆನ್ನಾಗಿದ್ದರೆ ಹೀಗೆ ಮಾಡು. ಬೀದಿಗೆ ಕಾಣುವ ಮುಂಗೋಡೆಗೂ ನಡುಮನೆಗೂ ಗಾರೆ ಮಾಡಿಸಿ ಬಣ್ಣ ಹೊಡೆಸು. ಬಣ್ಣ ಯಾವುದು ಅಂತ ಮಾವನವರೇ ಹೇಳಲಿ. ಉಳಿದ ಗೋಡೆಗಳಿಗೆ ಇಟ್ಟಿಗೆ ಸಂದು ಮಾತ್ರ ತುಂಬಿಸಿ ಪಾಯಿಂಟಿಂಗ್ ಮಾಡಿಸು. ಇಟ್ಟಿಗೆ ಕಾಣುವ ಹಾಗೆ ಕಟ್ಟುವುದಾದರೆ ಮೇಸ್ತ್ರಿ ಕೈ ಚೊಕ್ಕಟ ಇರಬೇಕು. ಅವರು ಮೊದಲು ಕಟ್ಟಿದ ಒಂದು ಗೋಡೆ ಕಣ್ಣಾರೆ ನೋಡದೆ ಒಪ್ಪಬೇಡ. ನಿಮ್ಮ ಜಿಲ್ಲಾ ನಿರ್ಮಿತಿ ಕೇಂದ್ರಕ್ಕೂ ಹೋಗಿ ವಿಚಾರಿಸು. ಕಡಿಮೆ ಖರ್ಚಲ್ಲಿ ಕಟ್ಟುವ ವಿಧಾನ ಹರಡಲು ಕೇರಳದ ಕೊಲ್ಲಂನಲ್ಲಿ 1980ರ ದಶಕದಲ್ಲಿ ಹುಟ್ಟಿ ನಮ್ಮ ಜಿಲ್ಲೆಗಳಿಗೂ ಬಂದ ಕೇಂದ್ರಗಳು ಅವು. ಇಂಥ ಕೆಲಸ ಗೊತ್ತಿರುವವರು ಅಲ್ಲಿ ಸಿಗಬಹುದು.

ಅಡುಗೆಮನೆ ಮಾತ್ರ ಬಿಟ್ಟುಕೊಡಬೇಡ. ದಿನದ ಹೆಚ್ಚು ಹೊತ್ತು ನಿಲ್ಲುವವಳು ನೀನು. ಬೆಳಕು ಬರುವ ಕಡೆ ಇಟ್ಟಿಗೆ ಜಾಲಿ ಒಂದು ಬಿಡಿಸು, ಹೊಗೆಯೂ ಹೋಗುತ್ತದೆ.

ಪ್ರಶ್ನೆ: ನಾವು ಹುಬ್ಬಳ್ಳಿಯ ಗೆಳೆಯರ ಬಳಗ. ನಮ್ಮ ವಾರ್ಡಿನ ಪೌರಕಾರ್ಮಿಕರ ಗುಡಿಸಲುಗಳ ಜಾಗದಲ್ಲಿ ಮನೆ ಕಟ್ಟಿಕೊಡಬೇಕು ಅಂತ ಟ್ರಸ್ಟ್ ಮಾಡುತ್ತಿದ್ದೇವೆ. ದಾನಿಗಳೂ ಸಿಕ್ಕಿದ್ದಾರೆ. ಯಾವ ಪ್ಲಾನು ಒಳ್ಳೆಯದು?
— ಗೆಳೆಯರ ಬಳಗ, ಹುಬ್ಬಳ್ಳಿ

ಉತ್ತರ: ನಿಮ್ಮ ಮನಸ್ಸು ದೊಡ್ಡದು. ಆದರೆ ಪ್ಲಾನಿನಿಂದ ಶುರು ಮಾಡಬೇಡಿ, ಜಾಗದ ಕಾಗದದಿಂದ ಶುರು ಮಾಡಿ. ಆ ಜಾಗ ಯಾರ ಹೆಸರಲ್ಲಿದೆ? ಕೊಳಚೆ ಪ್ರದೇಶ ಅಂತ ಘೋಷಣೆ ಆಗಿದೆಯಾ? ಹಕ್ಕುಪತ್ರ ಯಾರಿಗೆ ಬಂದಿದೆ, ಯಾರಿಗೆ ಬಂದಿಲ್ಲ? ಇದು ಗೊತ್ತಿಲ್ಲದೆ ಕಟ್ಟಿದ ಗೋಡೆಯನ್ನು ನಾಳೆ ಜೆಸಿಬಿ ಬಂದು ಕೆಡವಿದರೆ ಹೊಡೆತ ಬೀಳುವುದು ನಿಮಗಲ್ಲ, ಅವರಿಗೆ.

ಅಹಮದಾಬಾದಿನ ಉದಾಹರಣೆ ಹೇಳುತ್ತೇನೆ. ಅಲ್ಲಿ ‘ಸೇವಾ’ ಎಂಬ ಹೆಂಗಸರ ಸಂಘಟನೆ ಇದೆ. ಬೀಡಿ ಕಟ್ಟುವವರು, ತರಕಾರಿ ಮಾರುವವರು, ಚಿಂದಿ ಆಯುವವರು ಅದರ ಸದಸ್ಯರು. ಅವರದೇ ಬ್ಯಾಂಕು 1974ರಲ್ಲೇ ಶುರುವಾಗಿತ್ತು. 1994ರಲ್ಲಿ ಮನೆ ವಿಷಯಕ್ಕಾಗಿಯೇ ಮಹಿಳಾ ಹೌಸಿಂಗ್ ಟ್ರಸ್ಟ್ ಹುಟ್ಟಿತು. ಆಮೇಲೆ ನಗರಪಾಲಿಕೆ ‘ಪರಿವರ್ತನ್’ ಎಂಬ ಯೋಜನೆ ತಂದಾಗ ಈ ಟ್ರಸ್ಟ್ ಕೈಜೋಡಿಸಿತು. ಅಲ್ಲಿ ಮೊದಲು ಮನೆ ಕಟ್ಟಲಿಲ್ಲ. ಮನೆ ಮನೆಗೆ ನಲ್ಲಿ, ಶೌಚಾಲಯ, ಒಳಚರಂಡಿ, ಓಣಿಗೆ ಕಲ್ಲು ಹಾಸು, ಬೀದಿ ದೀಪ, ಇವು ಮೊದಲು ಬಂದವು. ಪ್ರತಿ ಕುಟುಂಬವೂ 2,000 ರೂಪಾಯಿ ಹಾಕಬೇಕಿತ್ತು. ಅದರ ಮೇಲೆ ಓಣಿಯ ದುರಸ್ತಿ ನಿಧಿಗೆ 100 ರೂಪಾಯಿ. ಒಟ್ಟಿಗೆ ಕೊಡಲಾಗದವರಿಗೆ ಸೇವಾ ಬ್ಯಾಂಕು ಸಾಲ ಕೊಟ್ಟಿತು. ಮುಖ್ಯ ಅಂದರೆ, ಕನಿಷ್ಠ ಹತ್ತು ವರ್ಷ ಯಾರನ್ನೂ ಎಬ್ಬಿಸುವುದಿಲ್ಲ ಅಂತ ಪಾಲಿಕೆ ಭರವಸೆ ಕೊಟ್ಟಿತು. ಎಬ್ಬಿಸುವ ಭಯ ಇಲ್ಲ ಅಂದಾಗ ಜನ ತಾವೇ ದುಡ್ಡು ಹೊಂದಿಸಿ ತಗಡಿನ ಜಾಗದಲ್ಲಿ ಇಟ್ಟಿಗೆ ಗೋಡೆ ಎಬ್ಬಿಸುತ್ತಾರೆ.

2,000 ರೂಪಾಯಿ ಕೊಟ್ಟವರು ಚರಂಡಿ ಕೆಲಸ ಕಳಪೆಯಾದರೆ ಗುತ್ತಿಗೆದಾರನನ್ನು ನಿಲ್ಲಿಸಿ ಕೇಳುತ್ತಾರೆ. ಪೂರ್ತಿ ದಾನದ ಮನೆಯಲ್ಲಿ ಹಾಗೆ ಕೇಳಲು ಜನರಿಗೆ ಸಂಕೋಚ. ಅದಕ್ಕೇ ನಿಮ್ಮ ದಾನಿಗಳ ದುಡ್ಡಿನ ಜೊತೆ ಆ ಮನೆಯವರದೂ ಒಂದು ಪಾಲು ಇರಲಿ, ಚಿಕ್ಕದಾದರೂ ಸರಿ. ಕೂಲಿಯ ರೂಪದಲ್ಲಾದರೂ ಸರಿ. ಆದರೆ ಬೆಳಿಗ್ಗೆ ಐದಕ್ಕೆ ಪೊರಕೆ ಹಿಡಿದು ಹೊರಡುವವರಿಂದ ಸಂಜೆ ಮತ್ತೆ ಕಲ್ಲು ಹೊರಿಸುವುದು ಸರಿಯಾ ಅಂತ ಅವರನ್ನೇ ಕೇಳಿ.

ಟ್ರಸ್ಟಿನ ಸಮಿತಿಯಲ್ಲಿ ಆ ಓಣಿಯ ಹೆಂಗಸರು ಅರ್ಧದಷ್ಟಾದರೂ ಇರಲಿ. ಬಚ್ಚಲು ಎಲ್ಲಿರಬೇಕು, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಕೆಲಸದ ಬಟ್ಟೆ ಎಲ್ಲಿ ಒಗೆದು ಒಣಗಿಸಬೇಕು, ಇದು ಅವರಿಗೆ ಗೊತ್ತಿರುವಷ್ಟು ನನಗಾಗಲಿ ನಿಮಗಾಗಲಿ ಗೊತ್ತಿಲ್ಲ. ಹಕ್ಕುಪತ್ರದ ಪಟ್ಟಿ, ಓಣಿಯ ಅಳತೆ, ಮಳೆನೀರು ಯಾವ ಕಡೆ ಹರಿಯುತ್ತದೆ ಅನ್ನುವ ಒಂದು ಕೈನಕ್ಷೆ, ಇಷ್ಟು ಕಳಿಸಿ. ಗೋಡೆ, ಛಾವಣಿ ಬಗ್ಗೆ ಆಮೇಲೆ ಮಾತಾಡೋಣ.