ಗಾಯ ಮಾಗಿದೆ, ಸಿಟ್ಟು ಮಾಗಿಲ್ಲ

ಪ್ರಶ್ನೆ: ಏಳು ತಿಂಗಳ ಹಿಂದೆ ನಮ್ಮ ಯಜಮಾನರು ಬೈಕಿನಿಂದ ಬಿದ್ದು, ಮಿದುಳಿನ ಮುಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಈಗ ಗಾಯ ಮಾಗಿದೆ, ಅಂಗಡಿಯ ಲೆಕ್ಕವನ್ನೂ ನೋಡುತ್ತಾರೆ. ಆದರೆ ಎಂದೂ ದನಿಯೇರಿಸದವರು ಈಗ ಕುಕ್ಕರ್ ಕೂಗಿದರೂ ಸಿಡುಕುತ್ತಾರೆ. ಮೊನ್ನೆ ರಾತ್ರಿ ತಟ್ಟೆ ಎಸೆದು, ಹತ್ತು ನಿಮಿಷದ ಮೇಲೆ ಮಗಳ ಮುಂದೆ ಕೂತು ಅತ್ತರು. ಅತ್ತೆಯವರು ದೃಷ್ಟಿ ತಗುಲಿದೆ ಎನ್ನುತ್ತಾರೆ. ಫಿಟ್ಸ್ ಬಾರದಿರಲೆಂದು ಲೆವೆಟಿರಸೆಟಮ್ ಮಾತ್ರೆ ನಡೆಯುತ್ತಿದೆ. ಇವರು ಮೊದಲಿನಂತಾಗುವುದಿಲ್ಲವೇ?
— ಓದುಗರು, ತಿಪಟೂರು

ಉತ್ತರ: ನೀವು ಕೊನೆಯಲ್ಲಿ ಬರೆದ ಮಾತ್ರೆಯಿಂದಲೇ ಆರಂಭಿಸುತ್ತೇನೆ. ಲೆವೆಟಿರಸೆಟಮ್ ಒಳ್ಳೆಯ ಔಷಧವೇ ಆದರೂ ಕೆಲವರಲ್ಲಿ ಸಿಡುಕನ್ನೂ ಖಿನ್ನತೆಯನ್ನೂ ತರುತ್ತದೆ. ಅದು ಶುರುವಾದ ಮೇಲೆ ಸಿಟ್ಟು ಏರಿತೇ ಎಂಬುದನ್ನು ನೆನಪಿಸಿಕೊಂಡು ನರರೋಗ ತಜ್ಞರಿಗೆ ಹೇಳಿ; ಅಗತ್ಯ ಕಂಡರೆ ಅವರು ಬದಲಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ.

ಆದರೆ ದೋಷವೆಲ್ಲ ಮಾತ್ರೆಯದೇ ಆಗಿರಲಾರದು. ಬಂದ ಸಿಟ್ಟನ್ನು ನಾಲಿಗೆಗೆ ಬರುವ ಮೊದಲೇ ತಡೆಯುವ ಕೆಲಸ ಹಣೆಯ ಹಿಂದಿನ ಮಿದುಳಿನದು. ಅಲ್ಲಿಗೆ ಪೆಟ್ಟಾದರೆ ಸಿಟ್ಟು ಹುಟ್ಟುವುದಕ್ಕೂ ಹೊರಬೀಳುವುದಕ್ಕೂ ನಡುವಿದ್ದ ಕ್ಷಣದ ಬಿಡುವು ಇಲ್ಲವಾಗುತ್ತದೆ. ಜೊತೆಗೆ, ಬೇಡದ ಸದ್ದುಗಳನ್ನು ಬದಿಗಿಡಲು ದಣಿದ ಮಿದುಳಿಗೆ ಆಗುವುದಿಲ್ಲವಾದ್ದರಿಂದ ಕುಕ್ಕರ್, ಟಿ.ವಿ., ಮಗಳ ಮಾತು ಎಲ್ಲವೂ ಒಟ್ಟಿಗೇ ಮೇಲೆ ಬೀಳುತ್ತವೆ. ತಟ್ಟೆ ಹಾರಿದ್ದು ರಾತ್ರಿ ಎಂಬುದನ್ನು ಗಮನಿಸಿ. ಲೆಕ್ಕದ ಕೆಲಸ ಬೆಳಿಗ್ಗೆಯೇ ಮುಗಿಯಲಿ, ಮಧ್ಯಾಹ್ನ ಒಂದು ಗಂಟೆ ಕತ್ತಲ ಕೋಣೆಯಲ್ಲಿ ಮಲಗಲಿ, ಊಟದ ಹೊತ್ತಿಗೆ ಟಿ.ವಿ. ಆರಿರಲಿ. ಸಿಟ್ಟು ಸಿಡಿದಾಗ ವಾದಕ್ಕಿಳಿಯದೆ ಮಗಳೊಡನೆ ಬೇರೆ ಕೋಣೆಗೆ ಹೋಗಿ. ಕೈ ಎತ್ತುವ ಮಟ್ಟಕ್ಕೆ ಹೋದರೆ ಸಹಿಸಿಕೊಂಡು ಕೂರುವುದು ಸಲ್ಲದು, ಕೂಡಲೇ ನೆರವು ಕೇಳಿ. ಮದ್ಯ ಪೂರ್ಣ ವರ್ಜ್ಯ. ತಲೆನೋವು, ಮಂಪರು, ವಾಂತಿ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಚೇತರಿಕೆ ಮೊದಲ ಆರು ತಿಂಗಳಲ್ಲಿ ವೇಗವಾಗಿದ್ದು, ಆಮೇಲೂ ಒಂದೆರಡು ವರ್ಷ ನಿಧಾನವಾಗಿ ಸಾಗುತ್ತದೆ. ಪೂರ್ತಿ ಮೊದಲಿನಂತೆ ಎಂದು ಭರವಸೆ ಕೊಡಲಾರೆ. 1848ರಲ್ಲಿ ಅಮೆರಿಕದ ಫಿನಿಯಾಸ್ ಗೇಜ್‌ನ ತಲೆಯನ್ನು ಕಬ್ಬಿಣದ ಸಲಾಕೆ ತೂರಿಹೋದ ಮೇಲೆ ಗೆಳೆಯರು ಅವನನ್ನು ‘ಹಳೆಯ ಗೇಜ್ ಅಲ್ಲ’ ಎಂದರು. ಆದರೂ ಮುಂದೆ ಅವನು ಚಿಲಿಯಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗೆ ಮನೋವಿಜ್ಞಾನಿಗಳ ತರಬೇತಿಯೂ ದೊರೆಯುತ್ತದೆ. ಅತ್ತೆಯವರು ದೃಷ್ಟಿ ತೆಗೆಯುವುದಾದರೆ ತೆಗೆಯಲಿ, ಅಡ್ಡಿಯಿಲ್ಲ. ಮಾತ್ರೆಯ ಚೀಟಿ ಹಿಡಿದು ತಜ್ಞರನ್ನು ಕಾಣುವುದು ಮಾತ್ರ ಈ ವಾರವೇ ಆಗಲಿ.