ಹದಿನೈದು ದಿನದ ವಿನಾಯಿತಿಗೆ ಹನ್ನೆರಡು ಗಂಟೆಯ ಬೇಲಿ

ಪ್ರಶ್ನೆ: ನಮ್ಮ ಮನೆಯ ಹಿಂದಿನ ಗದ್ದೆಯಲ್ಲಿ ಚಳಿಗಾಲದುದ್ದಕ್ಕೂ ಒಂದಲ್ಲ ಒಂದು ಹರಕೆ ಆಟ ಇರುತ್ತದೆ. ಯಕ್ಷಗಾನ ನನಗೂ ಇಷ್ಟ. ಆದರೆ ಹೃದಯದ ಶಸ್ತ್ರಚಿಕಿತ್ಸೆಯಾಗಿ ಮಲಗಿರುವ ಅಪ್ಪಯ್ಯನಿಗೆ ಬೆಳಗಿನ ಜಾವದವರೆಗೆ ನಿದ್ದೆಯಿಲ್ಲ. ಮೈಕ್ ತಗ್ಗಿಸಿ ಎಂದರೆ, ‘ವರ್ಷಕ್ಕೆ ಹದಿನೈದು ದಿನ ಸರ್ಕಾರವೇ ವಿನಾಯಿತಿ ಕೊಟ್ಟಿದೆ’ ಎನ್ನುತ್ತಾರೆ. ನಿಜವೇ?
– ಓದುಗರು, ಕುಂದಾಪುರ ತಾಲೂಕು

ಉತ್ತರ: ಅರ್ಧ ನಿಜ, ಅದೂ ಅವರಿಗೆ ಅನುಕೂಲವಾದ ಅರ್ಧ. ವಕೀಲಿಕೆಯ ವರ್ಷಗಳಲ್ಲಿ ಈ ‘ಹದಿನೈದು ದಿನ’ವನ್ನು ಎಷ್ಟೋ ಸಮಿತಿಯವರ ಬಾಯಲ್ಲಿ ಕೇಳಿದ್ದೇನೆ, ಅದರ ಮುಂದಿನ ಸಾಲನ್ನು ಓದಿದವರು ಕಡಿಮೆ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಆ ಹೊತ್ತಿನಲ್ಲಿ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಧಾರ್ಮಿಕ, ಸಾಂಸ್ಕೃತಿಕ ಹಬ್ಬಗಳಿಗಾಗಿ ವರ್ಷಕ್ಕೆ ಒಟ್ಟು ಹದಿನೈದು ದಿನ ಮೀರದಂತೆ ಸಡಿಲಿಕೆ ಕೊಡಬಹುದು, ಆದರೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ. ಮಧ್ಯರಾತ್ರಿ ದಾಟಿದ ಮೇಲೆ ಈ ವಿನಾಯಿತಿ ಯಾರ ಕೈಯಲ್ಲೂ ಇಲ್ಲ. ಆ ದಿನಗಳು ಯಾವುವೆಂದು ಸರ್ಕಾರ, ಇಲ್ಲವೇ ಅದು ಅಧಿಕಾರ ಕೊಟ್ಟ ಜಿಲ್ಲಾ ಪ್ರಾಧಿಕಾರ ಮುಂಚಿತವಾಗಿ ಪ್ರಕಟಿಸಬೇಕು. ಪ್ರತಿಯೊಬ್ಬ ಹರಕೆದಾರನಿಗೂ ಹದಿನೈದು ದಿನ ಎಂದುಕೊಂಡರೆ ನಮ್ಮ ಕರಾವಳಿಯಲ್ಲಿ ವರ್ಷವೇ ಸಾಲದು!

ವಿನಾಯಿತಿಯ ರಾತ್ರಿಯೂ ಶಬ್ದಕ್ಕೆ ಮಿತಿಯುಂಟು. ವಸತಿ ಪ್ರದೇಶದ ರಾತ್ರಿಯ ಮಿತಿ 45 ಡೆಸಿಬಲ್; ಸಾರ್ವಜನಿಕ ಸ್ಥಳದಲ್ಲಿ ಮೈಕ್ ಹಾಕಿದರೆ ಆ ಸ್ಥಳದ ಎಲ್ಲೆಯಲ್ಲಿ 55 ದಾಟಬಾರದು. ಚೆಂಡೆಯ ಮುಂದೆ ಮೈಕ್ ಇಟ್ಟವರಿಗೆ ಇದನ್ನು ವಿವರಿಸುವ ಕಷ್ಟ ನನಗೆ ಗೊತ್ತು.

ಚೆಂಡೆಯ ವಿಷಯ ಇನ್ನೂ ತೊಡಕಿನದು. 2010ರ ತಿದ್ದುಪಡಿಯಿಂದ ಧ್ವನಿವರ್ಧಕದ ಜೊತೆಗೆ ವಾದ್ಯಗಳೂ ರಾತ್ರಿಯ ನಿರ್ಬಂಧಕ್ಕೆ ಸೇರಿದವು. ಅಕ್ಷರಶಃ ಓದಿದರೆ ಮೈಕ್ ಇಲ್ಲದ ಬಯಲಾಟಕ್ಕೂ ಕುತ್ತು. ಇದು ಅತಿಯಾಯಿತೆಂದೇ ನನ್ನ ಅಭಿಪ್ರಾಯ; ನಿದ್ದೆ ಕೆಡಿಸುವುದು ಹೆಚ್ಚಾಗಿ ಮನೆಗಳತ್ತ ಮುಖ ಮಾಡಿದ ಸ್ಪೀಕರ್‌ಗಳು. ಆದರೆ ಕಾನೂನು ನನ್ನನ್ನು ಕೇಳಿ ಬರೆದದ್ದಲ್ಲ. ಈ ನಿಯಮಗಳ ಕಾರಣದಿಂದಲೇ 2022ರ ಕೊನೆಯಲ್ಲಿ ಕಟೀಲು ದೇವಸ್ಥಾನದ ಯಕ್ಷಗಾನ ಮೇಳಗಳೂ ಕಾಲಮಿತಿಯ ಪ್ರದರ್ಶನಕ್ಕೆ ಇಳಿದಿದ್ದವು. ಅಷ್ಟು ದೊಡ್ಡ ಮೇಳಗಳೇ ತಲೆಬಾಗಿದ ಮೇಲೆ ನಿಮ್ಮ ಊರಿನ ಸಮಿತಿಗೆ ಬೇರೆ ಕಾನೂನು ಎಲ್ಲಿಂದ ಬರಬೇಕು?

ಮೊದಲು, ಆಟ ಆಡಿಸುವ ಮನೆಗೆ ಹಗಲಿನಲ್ಲೇ ಹೋಗಿ. ಅಪ್ಪಯ್ಯನ ಸ್ಥಿತಿ ಹೇಳಿ, ಸ್ಪೀಕರ್‌ಗಳನ್ನು ನಿಮ್ಮ ಮನೆಯಿಂದ ಆಚೆಗೆ ತಿರುಗಿಸಲು ಕೇಳಿ. ಹರಕೆ ಹೊತ್ತವರಿಗೆ ರೋಗಿಯ ಸಂಕಟ ಅರ್ಥವಾಗದಿರುವುದು ಅಪರೂಪ. ಅಡ್ಡಿ ಬರುವುದು ಹೆಚ್ಚಾಗಿ ಮೈಕ್‌ಸೆಟ್‌ನವನ ಉತ್ಸಾಹದಿಂದ. ಒಪ್ಪದಿದ್ದರೆ ಲಿಖಿತ ಅನುಮತಿ ಪತ್ರ ತೋರಿಸಲು ಹೇಳಿ. ಹಗಲಿನಲ್ಲಿ ಮೈಕ್ ಹಾಕಲೂ ಅದು ಬೇಕು. ಪತ್ರದಲ್ಲಿ ಎಷ್ಟು ಗಂಟೆಯವರೆಗೆ ಎಂದಿದೆ, ಆ ದಿನ ವಿನಾಯಿತಿಯ ಪಟ್ಟಿಯಲ್ಲಿದೆಯೇ ನೋಡಿ. ಇಲ್ಲವೆಂದಾದರೆ ಠಾಣೆಗೆ ಮೊದಲೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆ ರಾತ್ರಿ ಗಡುವು ಮೀರಿದ ಕೂಡಲೇ 112ಕ್ಕೆ ಕರೆ ಮಾಡಿ. ಕಡೆಯ ಪ್ರಸಂಗ ಮುಗಿಯುವ ಹೊತ್ತಿಗೆ ಮಾಡಿದರೆ ಪೊಲೀಸರು ಬರುವಷ್ಟರಲ್ಲಿ ಕಲಾವಿದರು ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಬಣ್ಣ ಒರೆಸುತ್ತಿರುತ್ತಾರೆ.